ಸೈಕಾಡ್ ಗಿಡಕ್ಕೆ ಸರಿಯಾದ ಹೆಸರು ಹುಡುಕುವುದು ಹೇಗೆ?

ಸೈಕಾಡ್‌ಗಳನ್ನು ಇಷ್ಟಪಡುವವರೆಲ್ಲ ಒಂದಲ್ಲ ಒಂದು ದಿನ ಹೆಸರಿನ ಗೋಜಲಿಗೆ ಸಿಕ್ಕಿಕೊಳ್ಳುತ್ತಾರೆ. ಸೈಕಾಡ್ ಅಂದರೆ ನೋಡಲು ತಾಳೆಯಂತಿರುವ, ಉದ್ದ ಗರಿಗಳ, ಬಹಳ ಹಳೆಯ ವಂಶದ ಗಿಡ. ಒಂದೇ ಗಿಡಕ್ಕೆ ಹಳೆಯ ಪುಸ್ತಕದಲ್ಲಿ ಒಂದು ಹೆಸರು, ನರ್ಸರಿಯ ಚೀಟಿಯಲ್ಲಿ ಇನ್ನೊಂದು, ಈಗಿನ ಪಟ್ಟಿಯಲ್ಲಿ ಮತ್ತೊಂದು. ಯಾವುದನ್ನು ನಂಬಬೇಕು ಅಂತಲೇ ಗೊತ್ತಾಗುವುದಿಲ್ಲ. ಸುಮ್ನೆ ಬಿಟ್ಟುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬಿಡಬೇಡಿ. ಈ ಗೋಜಲಿಗೆ ಕಾರಣಗಳಿವೆ. ಕಾರಣ ತಿಳಿದರೆ ಬಿಡಿಸುವ ದಾರಿಯೂ ಕಾಣುತ್ತದೆ.

ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಈ ಗಿಡಗಳೆಲ್ಲ ಒಂದೇ ಪ್ರಭೇದವೋ, ಹಲವೋ? ಇದು ಗುಂಪಿನ ಪ್ರಶ್ನೆ. ಗಿಡ ನೋಡಿ, ಅಳೆದು, ಹೋಲಿಸಿ ಉತ್ತರ ಹೇಳಬೇಕು. ತಜ್ಞರು ಪ್ರಾಮಾಣಿಕವಾಗಿಯೇ ಬೇರೆ ಬೇರೆ ಉತ್ತರ ಕೊಡಬಹುದು. ಹಾಗೆ ಮಾಡಿದ ಗುಂಪಿಗೆ ಯಾವ ಹೆಸರು ಸಲ್ಲುತ್ತದೆ? ಇದು ಹೆಸರಿನ ಪ್ರಶ್ನೆ. ಇದಕ್ಕೆ ಲಿಖಿತ ನಿಯಮಗಳಿವೆ. ಅಭಿಪ್ರಾಯಕ್ಕೆ ಇಲ್ಲಿ ಜಾಗ ಕಡಿಮೆ.

ಫ್ಲಾರಿಡಾದಲ್ಲಿ ಸಹಜವಾಗಿ ಬೆಳೆಯುವ ಜೇಮಿಯಾ ಎಂಬ ಸೈಕಾಡನ್ನೇ ನೋಡಿ. ಪುಸ್ತಕಗಳಲ್ಲಿ ಅದಕ್ಕೆ ಮೂರು ಹೆಸರು ಸಿಗುತ್ತವೆ: ಜೇಮಿಯಾ ಪ್ಯುಮಿಲಾ, ಜೇಮಿಯಾ ಫ್ಲಾರಿಡಾನಾ, ಜೇಮಿಯಾ ಇಂಟೆಗ್ರಿಫೋಲಿಯಾ. ಕೆರಿಬಿಯನ್ ಭಾಗದ ಜೇಮಿಯಾಗಳೆಲ್ಲ ಒಂದೇ ಪ್ರಭೇದ ಎಂದು 1980ರಲ್ಲಿ ಒಂದು ವಾದ ಬಂತು. ಅದನ್ನು ಒಪ್ಪಿದವರು ಫ್ಲಾರಿಡಾದ ಗಿಡವನ್ನೂ ಪ್ಯುಮಿಲಾ ಎಂದು ಕರೆದರು. ಇದು ಗುಂಪಿನ ವಿಷಯ. ಇಲ್ಲ, ಫ್ಲಾರಿಡಾದ್ದು ಬೇರೆಯೇ ಎನ್ನುವವರಿಗೆ ಎರಡು ಹೆಸರು ಉಳಿದವು. ಇಂಟೆಗ್ರಿಫೋಲಿಯಾ ಪ್ರಕಟವಾದದ್ದು 1789ರಲ್ಲಿ, ಫ್ಲಾರಿಡಾನಾ 1868ರಲ್ಲಿ. ಎರಡೂ ಒಂದೇ ಗಿಡದ ಹೆಸರು ಅಂದಮೇಲೆ ಮೊದಲು ಬಂದದ್ದಕ್ಕೇ ಮನ್ನಣೆ. ಇದು ಹೆಸರಿನ ವಿಷಯ. ಯಾವ ಗೊಂದಲ ಎದುರಾದರೂ ಹೀಗೆ ಎರಡು ಭಾಗ ಮಾಡಿ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹಂತ 1: ರೂಢಿಯ ಹೆಸರನ್ನು ಪಕ್ಕಕ್ಕಿಡಿ

ಮಾರಾಟದ ಹೆಸರುಗಳು ಇಲ್ಲಿ ದಾರಿ ತಪ್ಪಿಸುವುದೇ ಜಾಸ್ತಿ. 'ಸಾಗೊ ಪಾಮ್' ಎಂದು ಮಾರುವ ಸೈಕಸ್ ರೆವೊಲ್ಯೂಟಾ ತಾಳೆ ಜಾತಿಯ ಗಿಡವೇ ಅಲ್ಲ. ಸಾಗೊ ಎಂಬ ತಿನ್ನುವ ಹಿಟ್ಟು ತೆಗೆಯುವ ನಿಜವಾದ ತಾಳೆ ಮರ ಮೆಟ್ರೊಜೈಲಾನ್, ಅದಕ್ಕೂ ಇದಕ್ಕೂ ನಂಟಿಲ್ಲ. 'ಕಾರ್ಡ್‌ಬೋರ್ಡ್ ಪಾಮ್' ಅನ್ನುವುದೂ ತಾಳೆಯಲ್ಲ, ಅದು ಜೇಮಿಯಾ ಫರ್ಫುರೇಸಿಯಾ. ತಾಳೆಗಳು ಹೂ ಬಿಡುತ್ತವೆ. ಸೈಕಾಡ್‌ಗಳು ಹೂ ಬಿಡುವುದಿಲ್ಲ, ಕೋನ್ ಬಿಡುತ್ತವೆ, ಅಂದರೆ ಪರಾಗ ಅಥವಾ ಬೀಜ ಹೊರುವ ಬಿಲ್ಲೆಗಳ ಗೊಂಚಲು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ.

ಇದು ಬರೀ ಪಾಂಡಿತ್ಯದ ಮಾತಲ್ಲ. ಸೈಕಾಡ್‌ಗಳಲ್ಲಿ ಸೈಕಾಸಿನ್ ಎಂಬ ವಿಷವಿದೆ. ಬೀಜ ಅಗಿದ ನಾಯಿಗಳು ಲಿವರ್ ಕೆಟ್ಟು ಸಾಯಬಹುದು. 'ಸಾಗೊ' ಎಂಬ ಹೆಸರು ನೋಡಿ ತಿನ್ನುವ ವಸ್ತು ಎಂದುಕೊಂಡರೆ ಅಪಾಯ.

ಹಂತ 2: ಮೊದಲು ಕುಲ, ಆಮೇಲೆ ಪ್ರಭೇದ

ಇಂದು ಬದುಕಿರುವ ಸೈಕಾಡ್ ಪ್ರಭೇದಗಳು ಸುಮಾರು 380. ಆದರೆ ಕುಲಗಳು, ಅಂದರೆ ಹತ್ತಿರದ ಪ್ರಭೇದಗಳ ಗುಂಪುಗಳು, ಹತ್ತೇ. ಎರಡು ಪದದ ಹೆಸರಿನಲ್ಲಿ ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು. ಕುಲದ ಮಟ್ಟದಲ್ಲಿ ಗೊಂದಲ ತುಂಬಾ ಕಡಿಮೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಒಂದು ಭೂತಗನ್ನಡಿ ಸಾಕು.

ಗರಿಯಿಂದ ಒಂದು ಕಿರುಎಲೆ ತೆಗೆದು ಬೆಳಕಿಗೆ ಹಿಡಿಯಿರಿ. ನಡುವೆ ಒಂದೇ ಒಂದು ದಪ್ಪ ನರ ಇದ್ದು, ಪಕ್ಕಕ್ಕೆ ಯಾವ ನರವೂ ಕವಲೊಡೆಯದಿದ್ದರೆ ಅದು ಸೈಕಸ್. ನಡುನರದಿಂದ ಪಕ್ಕದ ನರಗಳು ಹೊರಟಿದ್ದರೆ ಸ್ಟಾಂಗೇರಿಯಾ. ನಡುನರವೇ ಇಲ್ಲದೆ ಸಾಲಾಗಿ ಹಲವು ನರಗಳು ಓಡಿದ್ದರೆ ಉಳಿದ ಎಂಟರಲ್ಲಿ ಒಂದು. ಆ ಎಂಟರಲ್ಲಿ ಗರಿ ಎರಡು ಸಲ ಸೀಳಿದ್ದರೆ ಬೊವೇನಿಯಾ. ಸೈಕಸ್‌ನಲ್ಲೂ ಮಿಕೊಲಿಟ್ಜಿ, ಡೆಬಾವೊಎನ್ಸಿಸ್ ಥರದ ಕೆಲವು ಪ್ರಭೇದಗಳಲ್ಲಿ ಕಿರುಎಲೆ ಸೀಳಿರುತ್ತದೆ. ಅದಕ್ಕೇ ನರವನ್ನೇ ಮೊದಲು ನೋಡಿ ಎಂದು ಹೇಳುವುದು.

ಇನ್ನು ಕಿರುಎಲೆ ಗರಿಯ ದಿಂಡಿಗೆ ಕೂಡುವ ಜಾಗ. ಒಣಗಿದ ಮೇಲೆ ಕಿರುಎಲೆ ಅಚ್ಚುಕಟ್ಟಾಗಿ ಕಳಚಿ ಗುರುತು ಉಳಿಸಿದರೆ ಜೇಮಿಯಾ, ಸೆರಟೊಜೇಮಿಯಾ ಅಥವಾ ಮೈಕ್ರೊಸೈಕಸ್ ಇರಬೇಕು. ಸೆರಟೊಜೇಮಿಯಾದ ಕೋನಿನ ಪ್ರತಿ ಬಿಲ್ಲೆಗೂ ಎರಡು ಕೊಂಬುಗಳಿರುತ್ತವೆ, ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಳಚದಿದ್ದರೆ ಡಯೂನ್, ಎನ್ಸೆಫಲಾರ್ಟೋಸ್, ಮ್ಯಾಕ್ರೊಜೇಮಿಯಾ, ಲೆಪಿಡೊಜೇಮಿಯಾ ಉಳಿಯುತ್ತವೆ. ಮ್ಯಾಕ್ರೊಜೇಮಿಯಾದಲ್ಲಿ ಕಿರುಎಲೆಯ ಬುಡದಲ್ಲಿ ದಪ್ಪನೆಯ, ಹಲವು ಸಲ ಬಣ್ಣದ ಗಂಟು ಇರುತ್ತದೆ. ಲೆಪಿಡೊಜೇಮಿಯಾದಲ್ಲಿ ಆ ಗಂಟಿಲ್ಲ, ಕಿರುಎಲೆಗಳು ದಿಂಡಿನ ಮೇಲ್ಭಾಗದ ನಡುಗೆರೆಯಲ್ಲೇ ಕೂಡಿರುತ್ತವೆ.

ಗಿಡದ ಮೂಲ ನೆಲೆ ಗೊತ್ತಿದ್ದರೆ ಕೆಲಸ ಇನ್ನೂ ಸುಲಭ. ಎನ್ಸೆಫಲಾರ್ಟೋಸ್ ಮತ್ತು ಸ್ಟಾಂಗೇರಿಯಾ ಆಫ್ರಿಕಾದವು. ಮ್ಯಾಕ್ರೊಜೇಮಿಯಾ, ಲೆಪಿಡೊಜೇಮಿಯಾ, ಬೊವೇನಿಯಾ ಆಸ್ಟ್ರೇಲಿಯಾದವು. ಜೇಮಿಯಾ, ಸೆರಟೊಜೇಮಿಯಾ, ಡಯೂನ್ ಅಮೆರಿಕ ಖಂಡಗಳವು, ಮೈಕ್ರೊಸೈಕಸ್ ಕ್ಯೂಬಾದಲ್ಲಿ ಮಾತ್ರ. ಸೈಕಸ್ ಪೂರ್ವ ಆಫ್ರಿಕಾದ ಕರಾವಳಿಯಿಂದ ಏಷ್ಯಾ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳವರೆಗೆ ಹರಡಿದೆ.

ಕುಲದ ಮಟ್ಟದಲ್ಲೂ ಬದಲಾವಣೆ ಆಗಿಲ್ಲ ಎಂದಲ್ಲ. ಕೊಲಂಬಿಯಾದ ಒಂದು ಗಿಡಕ್ಕೆ 1990ರಲ್ಲಿ ಚಿಗುವಾ ಎಂಬ ಹೊಸ ಕುಲವನ್ನೇ ಮಾಡಿದ್ದರು. ಅದರ ಕಿರುಎಲೆಗೆ ನಡುನರ ಇತ್ತು. 2009ರಲ್ಲಿ ಅದನ್ನು ಜೇಮಿಯಾಕ್ಕೇ ಸೇರಿಸಿದರು. ಈಗ ಅದು ಜೇಮಿಯಾ ರೆಸ್ಟ್ರೆಪೊಯಿ. ಹಾಗಾಗಿ ನಡುನರದ ನಿಯಮಕ್ಕೆ ಈ ಒಂದು ಅಪವಾದ ನೆನಪಿರಲಿ.

ಹಂತ 3: ಪ್ರಭೇದಕ್ಕೆ ಬೇಕಾದ ಸಾಕ್ಷ್ಯ ಕೂಡಿಸಿ

ಇಲ್ಲಿಂದ ನಿಜವಾದ ಕಷ್ಟ ಶುರು. ಸೈಕಾಡ್ ವಂಶ ಡೈನೋಸಾರ್‌ಗಳಿಗಿಂತ ಹಳೆಯದು, ನಿಜ. ಆದರೆ ಇಂದಿನ ಪ್ರಭೇದಗಳು ಅಷ್ಟು ಹಳೆಯವಲ್ಲ. ಈಗಿನ ಪ್ರಭೇದಗಳಲ್ಲಿ ಬಹುಪಾಲು ಕವಲೊಡೆಯಲು ಶುರುವಾದದ್ದು ಸುಮಾರು 1.2 ಕೋಟಿ ವರ್ಷಗಳ ಈಚೆಗೆ ಎಂದು 2011ರಲ್ಲಿ ಡಿಎನ್‌ಎ ಅಧ್ಯಯನವೊಂದು ತೋರಿಸಿತು. ಭೂಮಿಯ ಲೆಕ್ಕದಲ್ಲಿ ಇದು ಇತ್ತೀಚಿನ ಮಾತು. ಅಕ್ಕಪಕ್ಕದ ಪ್ರಭೇದಗಳು ಇಷ್ಟೊಂದು ಹೋಲುವುದಕ್ಕೆ ಇದೊಂದು ದೊಡ್ಡ ಕಾರಣ. ತುಂಬಾ ಜನ 'ಜೀವಂತ ಪಳೆಯುಳಿಕೆ' ಅನ್ನುವ ಮಾತಿಗೆ ಮನಸೋತು ಇದನ್ನು ಮರೆಯುತ್ತಾರೆ.

ಇನ್ನೊಂದು ಕಾರಣ ಮಾದರಿಗಳ ಕೊರತೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಹರ್ಬೇರಿಯಂನ ಹಾಳೆ ಚಿಕ್ಕದು, ಸೈಕಾಡ್‌ನ ಗರಿ ಆಳೆತ್ತರ, ಕೋನು ಕಿಲೊಗಟ್ಟಲೆ. ಸಂಗ್ರಹಿಸಿದವರು ಗರಿಯ ತುಂಡೊಂದನ್ನು ಒಣಗಿಸಿಟ್ಟು ಸುಮ್ಮನಾದದ್ದೇ ಹೆಚ್ಚು. ಗಂಡು ಗಿಡ ಸಿಕ್ಕಿದರೆ ಹೆಣ್ಣಿಲ್ಲ, ಹೆಣ್ಣು ಸಿಕ್ಕಿದರೆ ಗಂಡಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಂತೂ ಯೂರೋಪಿನ ಗಾಜಿನ ಮನೆಗಳಲ್ಲಿ ಬೆಳೆದ, ಎಲ್ಲಿಂದ ಬಂತೆಂದೇ ಗೊತ್ತಿಲ್ಲದ ಗಿಡಗಳಿಗೂ ಹೆಸರಿಟ್ಟರು.

ಆದ್ದರಿಂದ ನೀವು ಆ ತಪ್ಪು ಮಾಡಬೇಡಿ. ದೊಡ್ಡ ಗಿಡದ ಪೂರ್ತಿ ಗರಿಯ ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಎಳೆಯ ಗಿಡದ ಗರಿಯನ್ನು ನಂಬಬೇಡಿ, ಬೆಳೆದ ಗಿಡದ್ದಕ್ಕಿಂತ ಅದು ಬೇರೆಯೇ ಕಾಣಬಹುದು. ನೆರಳಿನಲ್ಲಿ ಬೆಳೆದ ಗಿಡದ ಗರಿ ಉದ್ದ, ತೆಳ್ಳಗೆ ಇರುತ್ತದೆ. ಬಿಸಿಲಿನದು ಗಿಡ್ಡ, ಗಡುಸು. ಬೆಳಕು ಹೇಗಿತ್ತು ಅಂತ ಬರೆದಿಡಿ. ಗರಿಯ ತೊಟ್ಟಿನ ಮುಳ್ಳು, ಕಿರುಎಲೆಯ ಅಂಚು, ಹೊಸ ಚಿಗುರಿನ ಮೇಲಿನ ರೋಮ, ಕಾಂಡದ ಬುಡ, ಇವೆಲ್ಲ ಹತ್ತಿರದಿಂದ ಬೇಕು.

ಸೈಕಸ್ ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಹೆಣ್ಣು ಗಿಡ. ಬೇರೆ ಒಂಬತ್ತು ಕುಲಗಳ ಹೆಣ್ಣು ಗಿಡಗಳು ಬಿಗಿಯಾದ ಕೋನ್ ಬಿಡುತ್ತವೆ. ಸೈಕಸ್‌ನ ಹೆಣ್ಣು ಹಾಗಲ್ಲ. ಗಿಡದ ತುದಿಯಲ್ಲಿ ಬೀಜ ಹೊರುವ ಸಣ್ಣ ಎಲೆಗಳ ಸುತ್ತು ಬರುತ್ತದೆ. ಆ ಎಲೆಯ ತುದಿ ಬಾಚಣಿಗೆಯಂತೆ ಸೀಳಿದೆಯೇ, ಬರೀ ಸಣ್ಣ ಹಲ್ಲುಗಳಿವೆಯೇ, ಮೇಲೆ ಎಂಥ ರೋಮ, ಒಂದರಲ್ಲಿ ಎಷ್ಟು ಬೀಜ, ಇವೇ ಪ್ರಭೇದದ ಗುರುತು. ರೆವೊಲ್ಯೂಟಾದಲ್ಲಿ ಅದು ದಟ್ಟ ಕಂದು ಉಣ್ಣೆ ಹೊದ್ದು ಆಳವಾಗಿ ಸೀಳಿರುತ್ತದೆ. ಸರ್ಸಿನಾಲಿಸ್‌ನಲ್ಲಿ ಚಿಕ್ಕ ಹಲ್ಲುಗಳು. ಒಂದು ಬೀಜವನ್ನು ಅಡ್ಡಕ್ಕೆ ಕೊಯ್ದು ನೋಡಿ. ಕೈಗವಸು ಹಾಕಿಕೊಳ್ಳಿ. ರಂಫಿ ಮತ್ತು ಅದರ ಹತ್ತಿರದ ನೆಂಟರ ಬೀಜದೊಳಗೆ ಬೆಂಡಿನಂಥ ಪದರ ಇರುತ್ತದೆ. ಅದರಿಂದಲೇ ಅವು ಸಮುದ್ರದಲ್ಲಿ ತೇಲಿ ದ್ವೀಪದಿಂದ ದ್ವೀಪಕ್ಕೆ ಹೋದವು. ಸರ್ಸಿನಾಲಿಸ್ ಬೀಜದಲ್ಲಿ ಆ ಪದರ ಇಲ್ಲ.

ಎಲ್ಲಕ್ಕಿಂತ ಮೇಲೆ, ಮೂಲ ನೆಲೆ. ಗಿಡ ಅಥವಾ ಅದರ ಬೀಜ ಯಾವ ಕಾಡಿನಿಂದ, ಯಾವ ಬೆಟ್ಟದಿಂದ ಬಂತು? ನನ್ನ ಮಟ್ಟಿಗೆ ಇದು ಉಳಿದ ಎಲ್ಲ ಗುರುತುಗಳಿಗಿಂತ ಬೆಲೆಯುಳ್ಳದ್ದು. ಸೈಕಾಡ್ ಪ್ರಭೇದಗಳಲ್ಲಿ ಅನೇಕವು ಚಿಕ್ಕ ಚಿಕ್ಕ ಜಾಗಗಳಲ್ಲಷ್ಟೇ ಇವೆ. ಜಾಗ ತಿಳಿದರೆ ಪಟ್ಟಿ ಎರಡು ಮೂರು ಹೆಸರಿಗೆ ಇಳಿಯುತ್ತದೆ. ಜಾಗ ಕಳೆದರೆ ಅದನ್ನು ಮತ್ತೆ ಸಂಪಾದಿಸಲು ಆಗುವುದೇ ಇಲ್ಲ.

ಹಂತ 4: ಹೆಸರಿನ ಚರಿತ್ರೆ ಓದಿ

ಒಂದು ಅಂದಾಜು ಹೆಸರು ಸಿಕ್ಕಿತು ಅಂದುಕೊಳ್ಳಿ. ಈಗ ಮೂರು ಕಡೆ ನೋಡಬೇಕು. ಹುಡುಕುವಾಗ ಹೆಸರನ್ನು ಲ್ಯಾಟಿನ್ ಅಕ್ಷರಗಳಲ್ಲೇ ಟೈಪ್ ಮಾಡಿ, ಒಂದಕ್ಷರ ತಪ್ಪಿದರೂ ಸಿಗುವುದಿಲ್ಲ. ಇಂಟರ್‌ನ್ಯಾಷನಲ್ ಪ್ಲಾಂಟ್ ನೇಮ್ಸ್ ಇಂಡೆಕ್ಸ್‌ನಲ್ಲಿ ಆ ಹೆಸರು ಯಾವಾಗ, ಎಲ್ಲಿ, ಯಾರಿಂದ ಪ್ರಕಟವಾಯಿತು ಅಂತ ಇರುತ್ತದೆ. ಆ ಹೆಸರು ಸರಿಯೋ ತಪ್ಪೋ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳುವುದು ವರ್ಲ್ಡ್ ಲಿಸ್ಟ್ ಆಫ್ ಸೈಕಾಡ್ಸ್. ಸೈಕಾಡ್ ತಜ್ಞರೇ ನಡೆಸುವ ಪಟ್ಟಿ ಇದು. ಯಾವುದು ಒಪ್ಪಿತ ಹೆಸರು, ಯಾವುವು ಅದರ ಪರ್ಯಾಯ ಹೆಸರುಗಳು ಎಂದು ಇಲ್ಲಿ ಗೊತ್ತಾಗುತ್ತದೆ. ಒಪ್ಪಿತ ಹೆಸರು ತಿಳಿಸುವ ಇನ್ನೊಂದು ಪಟ್ಟಿ, ಮೂರನೆಯದು, ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್.

ಹೆಸರಿನ ಹಿಂದೆ ಬರುವ ವ್ಯಕ್ತಿಗಳ ಹೆಸರನ್ನು ಓದಲು ಕಲಿಯಿರಿ. 'ಸ್ಟಾಂಗೇರಿಯಾ ಎರಿಯೋಪಸ್ (ಕುಂಟ್ಸೆ) ಬೇಯಾಂ' ಎಂದಿದೆ ಅನ್ನಿ. ಕಂಸದೊಳಗಿರುವ ಕುಂಟ್ಸೆ ಮೊದಲು ಆ ಪ್ರಭೇದಕ್ಕೆ ಹೆಸರಿಟ್ಟವರು. ಹೊರಗಿರುವ ಬೇಯಾಂ ಅದನ್ನು ಈಗಿನ ಕುಲಕ್ಕೆ ಸೇರಿಸಿದವರು. ಈ ಪುಟ್ಟ ಕಂಸದ ಹಿಂದೆ ಒಂದು ಒಳ್ಳೆಯ ಕಥೆಯಿದೆ. ಕುಂಟ್ಸೆ 1830ರ ದಶಕದಲ್ಲಿ ಇದರ ಗರಿ ಮಾತ್ರ ನೋಡಿದ್ದರು, ಕವಲು ನರಗಳನ್ನು ಕಂಡು ಜರಿಗಿಡ ಎಂದುಕೊಂಡು ಲೊಮಾರಿಯಾ ಎಂಬ ಜರಿಗಿಡದ ಕುಲಕ್ಕೆ ಸೇರಿಸಿದರು. ಆಮೇಲೆ ದಕ್ಷಿಣ ಆಫ್ರಿಕಾದ ನಟಾಲ್‌ನ ಸರ್ವೇಯರ್ ಜನರಲ್ ವಿಲಿಯಂ ಸ್ಟಾಂಗರ್ 1851ರಲ್ಲಿ ಲಂಡನ್ನಿನ ಚೆಲ್ಸಿ ಫಿಸಿಕ್ ಗಾರ್ಡನ್‌ಗೆ ಒಂದು ಗಿಡ ಕಳಿಸಿದರು. ಆ ಗಿಡ ಕೋನ್ ಬಿಟ್ಟಿತು! ಜರಿಗಿಡ ಕೋನ್ ಬಿಡುವುದುಂಟೇ? 1853ರಲ್ಲಿ ಥಾಮಸ್ ಮೂರ್ ಅದಕ್ಕೆ ಸ್ಟಾಂಗೇರಿಯಾ ಪ್ಯಾರಡಾಕ್ಸಾ ಎಂದು ಹೆಸರಿಟ್ಟರು. ಆದರೆ ಎರಿಯೋಪಸ್ ಎಂಬ ಹೆಸರು ಅದಕ್ಕಿಂತ ಹಳೆಯದು. 1892ರಲ್ಲಿ ಬೇಯಾಂ ಹಳೆಯ ಹೆಸರನ್ನು ಹೊಸ ಕುಲಕ್ಕೆ ತಂದರು.

ನಿಯಮಗಳಲ್ಲಿ ಕೆಲವನ್ನಾದರೂ ತಿಳಿದಿರಬೇಕು. ಯಾವ ಹೆಸರು ಮೊದಲು ಬಂತು ಎಂಬ ಹಿರಿತನದ ಲೆಕ್ಕ ಶುರುವಾಗುವುದು 1753ರಿಂದ. 1958ರಿಂದ ಈಚೆಗೆ ಹೊಸ ಪ್ರಭೇದಕ್ಕೆ ಹೆಸರಿಡುವವರು ಒಂದು ಟೈಪ್ ಮಾದರಿಯನ್ನು, ಅಂದರೆ ಆ ಹೆಸರಿಗೆ ಆಧಾರವಾಗಿ ಕಾಪಾಡಿಟ್ಟ ಗಿಡದ ಮಾದರಿಯನ್ನು, ಗೊತ್ತುಮಾಡಲೇಬೇಕು. ಹೆಸರು ಶಾಶ್ವತವಾಗಿ ಆ ಮಾದರಿಗೆ ಅಂಟಿಕೊಂಡಿರುತ್ತದೆ. ಮೊದಲು ಲ್ಯಾಟಿನ್ ವಿವರಣೆ ಕಡ್ಡಾಯವಾಗಿತ್ತು, 2012ರಿಂದ ಇಂಗ್ಲಿಷ್ ಕೂಡ ನಡೆಯುತ್ತದೆ. ವಿವರಣೆಯೂ ಇಲ್ಲದೆ, ಮಾದರಿಯೂ ಇಲ್ಲದೆ ಮಾರಾಟದ ಪಟ್ಟಿಯಲ್ಲಿ ಮಾತ್ರ ಓಡಾಡುವ ಲ್ಯಾಟಿನ್ ಥರದ ಹೆಸರುಗಳಿಗೆ ಯಾವ ಮಾನ್ಯತೆಯೂ ಇಲ್ಲ. ಬೇರೆ ಕಾರಣಕ್ಕೂ ಹೆಸರು ಬದಲಾಗಬಹುದು. 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಸಸ್ಯವಿಜ್ಞಾನಿಗಳು, ಆಫ್ರಿಕಾದ ಕಪ್ಪು ಜನರನ್ನು ಹೀಯಾಳಿಸುವ ಪದದಿಂದ ಹುಟ್ಟಿದ ಹೆಸರುಗಳ ಕಾಗುಣಿತ ಬದಲಿಸಲು ಮತ ಹಾಕಿದರು. ಎನ್ಸೆಫಲಾರ್ಟೋಸ್ ಕ್ಯಾಫರ್ ಅಂಥದ್ದೊಂದು. ಇದು ಆಗಬೇಕಾಗಿದ್ದ ಕೆಲಸ ಎಂದೇ ನಾನು ನಂಬುತ್ತೇನೆ.

ಹಂತ 5: ಹಳೆಯ ಬರಹದಲ್ಲಿನ ಹೆಸರನ್ನು ಇಂದಿನ ಅರ್ಥದಲ್ಲಿ ಓದಬೇಡಿ

ಸೈಕಸ್ ಸರ್ಸಿನಾಲಿಸ್ ಕಥೆ ತಿಳಿದರೆ ಈ ಹಂತ ಯಾಕೆ ಬೇಕು ಅಂತ ಅರ್ಥವಾಗುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹೆಸರಿಟ್ಟಾಗ ಎರಡು ಮೂಲಗಳನ್ನು ಒಟ್ಟಿಗೆ ಹಿಡಿದರು. ಒಂದು, ವಾನ್ ರೀಡ್ ಅವರ ಮಲಬಾರಿನ ಗಿಡಗಳ ಪುಸ್ತಕ ಹೊರ್ಟಸ್ ಮಲಬಾರಿಕಸ್‌ನಲ್ಲಿದ್ದ ಮಲಬಾರಿನ ಗಿಡ. ಇನ್ನೊಂದು, ಸಸ್ಯವಿಜ್ಞಾನಿ ರಂಫಿಯಸ್ ವರ್ಣಿಸಿದ, ಇಂದಿನ ಇಂಡೊನೇಷ್ಯಾದ ಅಂಬೋನ್ ದ್ವೀಪದ ಗಿಡ. ಹಾಗಾಗಿ ಹುಟ್ಟಿದಾಗಲೇ ಈ ಹೆಸರಿನಲ್ಲಿ ಬೆರಕೆ ಇತ್ತು. ಅಂಬೋನ್ ಕಡೆಯ ಗಿಡಕ್ಕೆ ಆಮೇಲೆ ಸೈಕಸ್ ರಂಫಿ ಎಂಬ ಹೆಸರು ಬಂತು. ಆದರೂ ಬಹಳ ಕಾಲ ಆಫ್ರಿಕಾದ ಕರಾವಳಿಯಿಂದ ಪೆಸಿಫಿಕ್‌ವರೆಗಿನ ಸೈಕಸ್‌ಗಳಿಗೆಲ್ಲ ಜನ ಸರ್ಸಿನಾಲಿಸ್ ಎಂದೇ ಬರೆದರು. ಈಗ ಆ ಹೆಸರು ದಕ್ಷಿಣ ಭಾರತದ, ಮುಖ್ಯವಾಗಿ ಪಶ್ಚಿಮ ಘಟ್ಟದ ಗಿಡಕ್ಕೆ ಮಾತ್ರ. ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದ್ದು ಥುವಾರ್ಸಿ. ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ್ದು ಮೈಕ್ರೊನೇಸಿಕಾ, ಅದಕ್ಕೆ ಸಸ್ಯವಿಜ್ಞಾನಿ ಕೆ. ಡಿ. ಹಿಲ್ 1994ರಲ್ಲಿ ಹೆಸರಿಟ್ಟರು.

ಗ್ವಾಮ್‌ನ ಜನರಲ್ಲಿ ಕಂಡುಬಂದ ಒಂದು ನರರೋಗಕ್ಕೂ ಅಲ್ಲಿನ ಸೈಕಸ್ ಬೀಜದ ಹಿಟ್ಟಿಗೂ ನಂಟಿದೆಯೇ ಎಂದು ದಶಕಗಳ ಕಾಲ ಸಂಶೋಧನೆ ನಡೆದಿದೆ. ಆ ಹಳೆಯ ಪ್ರಬಂಧಗಳಲ್ಲೆಲ್ಲ ಗಿಡದ ಹೆಸರು ಸರ್ಸಿನಾಲಿಸ್. ಇಂದು ಯಾರಾದರೂ ಅದನ್ನು ಓದಿ, ಪಶ್ಚಿಮ ಘಟ್ಟದ ಗಿಡದ ಬಗ್ಗೆ ಬರೆದದ್ದು ಎಂದುಕೊಂಡರೆ ಎಂಥ ಎಡವಟ್ಟು ಅಲ್ವಾ? ಅದಕ್ಕೇ ಹಳೆಯ ಬರಹ ಓದುವಾಗ ಮೂರು ಸಂಗತಿ ಒಟ್ಟಿಗೆ ನೋಡಿ: ಹೆಸರು, ಬರೆದ ವರ್ಷ, ಗಿಡ ಸಿಕ್ಕ ಜಾಗ. ಹೆಸರು ಮತ್ತು ಜಾಗ ಹೊಂದದಿದ್ದರೆ ಜಾಗವನ್ನು ನಂಬಿ.

ಗಿಡದ ಉಳಿವಿಗೂ ಇದು ಬೇಕು. ಆಲಾಕಾಸ್ಪಿಸ್ ಎಂಬ ಶಲ್ಕ ಕೀಟ 2003ರಲ್ಲಿ ಗ್ವಾಮ್‌ನಲ್ಲಿ ಕಾಣಿಸಿಕೊಂಡು ಅಲ್ಲಿನ ಸೈಕಸ್‌ಗಳನ್ನು ಅಪಾರ ಪ್ರಮಾಣದಲ್ಲಿ ಕೊಂದಿತು. ಆ ಗಿಡ ಇನ್ನೂ ಸರ್ಸಿನಾಲಿಸ್ ಎಂಬ ದೊಡ್ಡ ಹೆಸರಿನೊಳಗೇ ಇದ್ದಿದ್ದರೆ, 'ಬೇರೆ ಕಡೆ ಬೇಕಾದಷ್ಟಿದೆ' ಎಂದು ಜನ ಸುಮ್ಮನಿರುತ್ತಿದ್ದರೋ ಏನೋ. ಬೇರೆ ಪ್ರಭೇದ ಎಂದು ಗೊತ್ತಾದದ್ದರಿಂದ ಅದರ ಅಳಿವಿನ ಅಪಾಯವೂ ಸ್ಪಷ್ಟವಾಗಿ ಕಂಡಿತು. 2015ರಲ್ಲಿ ಅಮೆರಿಕ ಅದನ್ನು ಅಪಾಯದಲ್ಲಿರುವ ಪ್ರಭೇದಗಳ ಕಾನೂನಿನಡಿ ಸೇರಿಸಿತು.

ತೈವಾನ್ ಗಿಡದ್ದೂ ಇಂಥದೇ ಸಂಗತಿ. ಸೈಕಸ್ ತೈವಾನಿಯಾನಾ ಎಂಬ ಹೆಸರು ಅಂಟಿಕೊಂಡಿರುವುದು ಚೀನಾದ ಮುಖ್ಯ ಭೂಭಾಗದ ಗಿಡಕ್ಕೆ. ತೈವಾನಿನಲ್ಲಿ ನಿಜವಾಗಿ ಬೆಳೆಯುವುದು ತೈತುಂಗೆನ್ಸಿಸ್, ಅದಕ್ಕೆ 1994ರಲ್ಲಷ್ಟೇ ಹೆಸರು ಬಂತು. ಹೆಸರಿನೊಳಗೆ ಊರಿದೆ ಅಂತ ಗಿಡ ಆ ಊರಿನದೇ ಎಂದು ತೀರ್ಮಾನಿಸಬೇಡಿ.

ಹಂತ 6: ಪಟ್ಟಿಗಳು ಒಪ್ಪದಿದ್ದರೆ

ಇದು ಆಗಾಗ ಆಗುತ್ತದೆ. ಪನಾಮಾ ಭಾಗದ ಜೇಮಿಯಾ ಸ್ಕಿನ್ನೆರಿಯನ್ನು ಒಂದೇ ಪ್ರಭೇದ ಎಂದು ಬಹಳ ಕಾಲ ನಂಬಿದ್ದರು. 2008ರಲ್ಲಿ ಅದರೊಳಗಿಂದ ಇಂಪೀರಿಯಾಲಿಸ್, ಹಮಾನಿ, ನೆಸೊಫಿಲಾ ಎಂಬ ಹೊಸ ಪ್ರಭೇದಗಳನ್ನು ಬೇರ್ಪಡಿಸಿದರು. ಇಂಥ ಕಡೆ ಮೂಲ ಪ್ರಬಂಧವನ್ನೇ ಓದಿ. ಎಷ್ಟು ಜಾಗಗಳ ಗಿಡಗಳನ್ನು ನೋಡಿದ್ದಾರೆ? ಕಾಡಿನಲ್ಲಿ ನೋಡಿದ್ದೋ, ತೋಟದಲ್ಲೋ? ಕೋನ್‌ಗಳನ್ನು ಹೋಲಿಸಿದ್ದಾರೋ, ಬರೀ ಗರಿಯ ಅಳತೆಯೋ? ಒಂದೆರಡು ಗಿಡ ನೋಡಿ ಮಾಡಿದ ಪ್ರಭೇದಕ್ಕಿಂತ, ಹಲವು ಜಾಗಗಳಲ್ಲಿ ಗಂಡು ಹೆಣ್ಣು ಎರಡನ್ನೂ ನೋಡಿ ಮಾಡಿದ್ದನ್ನು ನಾನು ಹೆಚ್ಚು ನಂಬುತ್ತೇನೆ. ಡಿಎನ್‌ಎ ಮಾಹಿತಿ ಇದ್ದರೆ ಒಳ್ಳೆಯದು, ಆದರೆ ಹತ್ತಿರದ ನೆಂಟರ ನಡುವೆ ಅದೊಂದೇ ಗೆರೆ ಎಳೆಯಲಾರದು.

ಕೊನೆಗೂ ತೀರ್ಮಾನ ಆಗದಿದ್ದರೆ ಒಂದು ಪಟ್ಟಿಯನ್ನು ಆರಿಸಿಕೊಂಡು ಅದನ್ನೇ ಪೂರ್ತಿ ಅನುಸರಿಸಿ. ಯಾವ ಪಟ್ಟಿ, ಯಾವ ವರ್ಷದ್ದು ಎಂದು ಬರೆಯಿರಿ. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ತೆಗೆದರೆ ನಿಮ್ಮ ಸಂಗ್ರಹದಲ್ಲೇ ಹೊಸ ಗೊಂದಲ ಹುಟ್ಟುತ್ತದೆ.

ಹಂತ 7: ತೋಟದ ಬೀಜದ ಬಗ್ಗೆ ಎಚ್ಚರ

ಕಾಡಿನಲ್ಲಿ ದೂರ ದೂರ ಇದ್ದ ಪ್ರಭೇದಗಳು ತೋಟದಲ್ಲಿ ಅಕ್ಕಪಕ್ಕ ನಿಂತಾಗ ಸುಲಭವಾಗಿ ಬೆರೆಯುತ್ತವೆ. ಎನ್ಸೆಫಲಾರ್ಟೋಸ್‌ನಲ್ಲಂತೂ ಇದು ತುಂಬಾ ಸಾಮಾನ್ಯ. ಎನ್ಸೆಫಲಾರ್ಟೋಸ್ ವುಡಿಯೈ ಕಾಡಿನಲ್ಲಿ ಸಿಕ್ಕಿದ್ದು ಒಂದೇ ಗಂಡು ಗಿಡ, 1895ರಲ್ಲಿ, ದಕ್ಷಿಣ ಆಫ್ರಿಕಾದ ಓಂಗೋಯೆ ಕಾಡಿನಲ್ಲಿ. ಹೆಣ್ಣು ಇವತ್ತಿಗೂ ಸಿಕ್ಕಿಲ್ಲ. ಇಂದು ತೋಟಗಳಲ್ಲಿರುವ ಶುದ್ಧ ವುಡಿಯೈ ಎಲ್ಲವೂ ಆ ಒಂದೇ ಗಿಡದ ಕಂದುಗಳಿಂದ ಬಂದವು. ಆದ್ದರಿಂದ ಯಾರಾದರೂ 'ಶುದ್ಧ ವುಡಿಯೈ ಬೀಜ' ಎಂದು ಮಾರಿದರೆ ಅದು ಸಾಧ್ಯವೇ ಇಲ್ಲ. ಹೆಚ್ಚೆಂದರೆ ನಟಾಲೆನ್ಸಿಸ್ ಎಂಬ ನೆಂಟ ಪ್ರಭೇದದ ಹೆಣ್ಣಿನ ಜೊತೆ ಮಾಡಿದ ಮಿಶ್ರತಳಿ ಇರಬಹುದು. ತೋಟದಲ್ಲಿ ಕೈಯಿಂದ ಪರಾಗ ಹಾಕದ ಬೀಜಕ್ಕೆ ತಾಯಿಯ ಹೆಸರನ್ನಷ್ಟೇ ಬರೆಯಿರಿ, ತಂದೆ ಗೊತ್ತಿಲ್ಲ ಎಂದು ಸೇರಿಸಿ.

ಹಂತ 8: ಚೀಟಿ ಬರೆಯುವುದು

ಖಚಿತ ಇಲ್ಲದಿದ್ದರೆ ಹಾಗೆಂದೇ ಬರೆಯಲು ಸಸ್ಯಶಾಸ್ತ್ರದಲ್ಲಿ ಗುರುತುಗಳಿವೆ. ಕುಲದ ಹೆಸರು ಬರೆದ ಮೇಲೆ, ಪ್ರಭೇದದ ಹೆಸರಿಗೆ ಮೊದಲು 'ಸಿಎಫ್.' ಹಾಕಿದರೆ 'ಈ ಪ್ರಭೇದ ಇರಬೇಕು, ಹೋಲಿಸಿ ನೋಡಬೇಕು' ಎಂದರ್ಥ. 'ಅಫ್.' ಎಂದರೆ 'ಇದಕ್ಕೆ ಹತ್ತಿರ, ಆದರೆ ಬಹುಶಃ ಬೇರೆ'. 'ಎಸ್‌ಪಿ.' ಎಂದರೆ ಕುಲ ಮಾತ್ರ ಗೊತ್ತು. ಅರ್ಧಂಬರ್ಧ ತಿಳಿದು ಪೂರ್ತಿ ಹೆಸರು ಬರೆಯುವುದಕ್ಕಿಂತ ಇವು ಸಾವಿರ ಪಾಲು ವಾಸಿ.

ಹೆಸರು ಬದಲಾದಾಗ ಹಳೆಯ ಚೀಟಿಯನ್ನು ಕಿತ್ತೆಸೆಯಬೇಡಿ. ಹರ್ಬೇರಿಯಂಗಳಲ್ಲಿ ಹಳೆಯ ಚೀಟಿಯನ್ನು ಉಳಿಸಿ, ಹೊಸದನ್ನು ಪಕ್ಕದಲ್ಲಿ ಅಂಟಿಸಿ, ಯಾರು ಯಾವ ವರ್ಷ ಬದಲಿಸಿದರು ಎಂದು ಬರೆಯುತ್ತಾರೆ. ಮನೆಯ ತೋಟಕ್ಕೂ ಇದೇ ಕ್ರಮ ಸರಿ. ಬಂದಾಗಿನ ಹೆಸರು, ಈಗಿನ ಹೆಸರು, ಮೂಲ ನೆಲೆ, ಎಲ್ಲಿಂದ ಬಂತು, ಯಾವ ವರ್ಷ, ಗಂಡೋ ಹೆಣ್ಣೋ, ಇಷ್ಟನ್ನೂ ಒಂದು ಪುಸ್ತಕದಲ್ಲಿ ಸಂಖ್ಯೆ ಕೊಟ್ಟು ಬರೆದಿಡಿ. ಗಿಡದ ಹತ್ತಿರ ಆ ಸಂಖ್ಯೆಯ ತಗಡು ಇರಲಿ. ಹೆಸರು ನಾಳೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ.

ದೇಶದಿಂದ ದೇಶಕ್ಕೆ ಗಿಡ ಅಥವಾ ಬೀಜ ಕಳಿಸುವ ಯೋಚನೆ ಇದ್ದರೆ ಇನ್ನೂ ಒಂದು ಕೆಲಸ ಬಾಕಿ. ಎಲ್ಲ ಸೈಕಾಡ್‌ಗಳೂ ಸೈಟಿಸ್ ಒಪ್ಪಂದದ ಕೆಳಗೆ ಬರುತ್ತವೆ. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ ಇದು. ಎನ್ಸೆಫಲಾರ್ಟೋಸ್ ಮತ್ತು ಸೆರಟೊಜೇಮಿಯಾ ಕುಲಗಳು ಪೂರ್ತಿಯಾಗಿ, ಜೊತೆಗೆ ಸ್ಟಾಂಗೇರಿಯಾ ಎರಿಯೋಪಸ್, ಮೈಕ್ರೊಸೈಕಸ್ ಕ್ಯಾಲೊಕೋಮಾ, ಜೇಮಿಯಾ ರೆಸ್ಟ್ರೆಪೊಯಿ, ಆಂಧ್ರದ ಸೈಕಸ್ ಬೆಡೋಮಿ ಅತಿ ಕಟ್ಟುನಿಟ್ಟಿನ ಒಂದನೇ ಪಟ್ಟಿಯಲ್ಲಿವೆ. ಉಳಿದವು ಎರಡನೇ ಪಟ್ಟಿಯಲ್ಲಿ. ಸೈಟಿಸ್ ತಾನು ಒಪ್ಪಿಕೊಂಡ ಹೆಸರುಗಳ ಪಟ್ಟಿಯನ್ನು ಬಳಸುತ್ತದೆ, ಅದು ತಜ್ಞರ ಇತ್ತೀಚಿನ ಪಟ್ಟಿಗಿಂತ ಹಿಂದೆ ಇರಬಹುದು. ಅರ್ಜಿಯಲ್ಲಿ ಸೈಟಿಸ್ ಒಪ್ಪುವ ಹೆಸರು ಬರೆದು, ಈಗಿನ ಹೆಸರನ್ನು ಪರ್ಯಾಯ ಹೆಸರಾಗಿ ಸೇರಿಸಿ. ಎರಡೂ ಹೆಸರುಗಳ ಕಾಗುಣಿತವನ್ನು ಪಟ್ಟಿ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವಾಗಿ ತಾಳೆ ನೋಡಿದ ಮೇಲೆಯೇ ಸಹಿ ಹಾಕಿ.